ನೀಲಿ ಮನುಷ್ಯನ ಬಾಲ

ಕಳೆದ ಬೇಸಿಗೆ ರಜೆಗೆ ಮೊಮ್ಮಗಳು ಮುಳಬಾಗಿಲಿಗೆ ಬಂದಿದ್ದಳು. ಆರನೇ ಕ್ಲಾಸು ಮುಗಿಸಿದ ಹುಡುಗಿ. ಬಂದ ನಾಲ್ಕೇ ದಿನಕ್ಕೆ ಆಂಜನೇಯನ ಗುಡಿ ಆಯಿತು, ಕುರುಡುಮಲೆ ಗಣೇಶ ಆಯಿತು, ಆವಣಿ ಬೆಟ್ಟ ಆಯಿತು, ಹೋಟೆಲಿನ ದೋಸೆ ಎರಡು ಸಲ ಆಯಿತು. ಐದನೇ ದಿನ "ತಾತಾ, ಬೋರು" ಎಂದು ಮುಖ ಊದಿಸಿಕೊಂಡು ಕೂತಳು.

ಅದೇ ಹೊತ್ತಿಗೆ ಬೀದಿಯಲ್ಲಿ ಆಟೋ ಒಂದು ಮೈಕಿನಲ್ಲಿ ಕೂಗಿಕೊಂಡು ಹೋಯಿತು. ಕೋಲಾರದಲ್ಲಿ ವಸ್ತುಪ್ರದರ್ಶನ ಹಾಕಿದ್ದಾರಂತೆ, ಬೇರೆ ಗ್ರಹವನ್ನೇ ತಂದು ಇಳಿಸಿದ್ದಾರಂತೆ, ಜೀವಂತ ಅನ್ಯಗ್ರಹವಾಸಿಗಳು ಇದ್ದಾರಂತೆ. ನಮ್ಮೂರಿನಿಂದ ಕೋಲಾರ ಸುಮಾರು 30 ಕಿಲೋಮೀಟರ್. ಬೇರೆ ಗ್ರಹಕ್ಕೆ ಅಷ್ಟು ಹತ್ತಿರದ ದಾರಿ ಇನ್ನೊಂದಿಲ್ಲ. ಸಂಜೆಯ ಬಸ್ಸು ಹತ್ತಿದೆವು.

ಒಳಗೆ ಕಾಲಿಟ್ಟ ಕೂಡಲೇ ಕತ್ತಲು. ಕತ್ತಲಲ್ಲಿ ಹಸಿರು, ನೇರಳೆ ದೀಪಗಳ ಗಿಡಬಳ್ಳಿ, ಫೈಬರಿನ ಬಂಡೆ, ಕಂಬಿಗೆ ನೇತುಹಾಕಿದ ಗುಡ್ಡ. 2009ರಲ್ಲಿ ಬಂದ 'ಅವತಾರ್' ಸಿನಿಮಾ ನೋಡಿದವರಿಗೆ ಇದು ಪಂಡೋರಾ ಲೋಕ ಎಂದು ತಕ್ಷಣ ಗೊತ್ತಾಗುತ್ತದೆ. ಆ ಲೋಕದವರ ಮೈ ನೀಲಿ, ಕಿವಿ ಚೂಪು, ಹಿಂದೆ ಉದ್ದನೆಯ ಬಾಲ. ಇಲ್ಲಿಯೂ ಹಾಗೆಯೇ ಇಬ್ಬರಿದ್ದರು. ಗೊಂಬೆಗಳಲ್ಲ, ಮೈಗೆಲ್ಲ ಬಣ್ಣ ಬಳಿದುಕೊಂಡ ಮನುಷ್ಯರು.

ಮೊಮ್ಮಗಳು ಮೊದಲು ಹೆದರಿ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಳು. ಅವರಲ್ಲಿ ಒಬ್ಬ ಕುಕ್ಕರುಗಾಲಿನಲ್ಲಿ ಕೂತು, ತಲೆ ಒಂದು ಕಡೆ ವಾಲಿಸಿ, ಇವಳನ್ನೇ ಪಿಳಿಪಿಳಿ ನೋಡಿದ. ಇವಳಿಗೆ ನಗು ಬಂತು. ಹೆದರಿಕೆ ಹೋದ ಜಾಗಕ್ಕೆ ತುಂಟತನ ಬಂದು ಕೂತಿತು. ಅವನು ಬೇರೆ ಮಕ್ಕಳ ಕಡೆ ತಿರುಗಿದ್ದೇ ತಡ, ಹಿಂದಿನಿಂದ ಹೋಗಿ ಬಾಲ ಹಿಡಿದು ಜಗ್ಗಿಬಿಟ್ಟಳು. ಅವನು ಮುಗ್ಗರಿಸಿದ. ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಲೇಬೇಕು. ಅವನು ಏನೂ ಅನ್ನಲಿಲ್ಲ. ಸೊಂಟದ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಗಿಡಗಳ ಹಿಂದೆ ಹೋದ.

ಅಲ್ಲಿಂದ ಮುಂದೆ ಜೈಂಟ್ ವೀಲ್, ಕೊಲಂಬಸ್ ದೋಣಿ, ಮರಣಬಾವಿ. ಕೊನೆಯಲ್ಲಿ ರಾಕೆಟ್ಟಿನ ಚಿತ್ರ ಬರೆದ ಒಂದು ದೊಡ್ಡ ಪೆಟ್ಟಿಗೆ. ಒಳಗೆ ಕುರ್ಚಿಗಳು, ಎದುರಿಗೆ ಪರದೆ. ರಕ್ತದೊತ್ತಡ ಇರುವವರು ಕೂರಬಾರದೆಂದು ಬೋರ್ಡು ಹಾಕಿದ್ದರಿಂದ ನಾನು ಹೊರಗೇ ನಿಂತೆ. ಪೆಟ್ಟಿಗೆ ಆ ಕಡೆ ವಾಲಿತು, ಈ ಕಡೆ ವಾಲಿತು, ಮುಂದೆ ತಗ್ಗಿತು, ಹಿಂದೆ ಎದ್ದಿತು. ಒಳಗಿನಿಂದ ಚೀರಾಟವೋ ಚೀರಾಟ. ಐದು ನಿಮಿಷದಲ್ಲಿ ಮೊಮ್ಮಗಳು ಓಲಾಡುತ್ತ ಇಳಿದು ಬಂದಳು.

"ತಾತಾ, ಶನಿಗ್ರಹದ ಉಂಗುರದೊಳಗೇ ನುಗ್ಗಿಬಿಟ್ವಿ! ಎಷ್ಟು ಸ್ಪೀಡು ಗೊತ್ತಾ?"

"ಪೆಟ್ಟಿಗೆ ಒಂದು ಮೊಳವೂ ಮುಂದೆ ಹೋಗಲಿಲ್ಲ ಕಣಮ್ಮ. ನಾನು ನೋಡ್ತಾನೇ ಇದ್ದೆ."

ಅವಳು ನಂಬಲಿಲ್ಲ. ನನ್ನ ಪಕ್ಕದಲ್ಲಿ ನಿಂತು ಮುಂದಿನ ಆಟವನ್ನು ತಾನೇ ನೋಡಿದಳು. ಪೆಟ್ಟಿಗೆ ಇದ್ದಲ್ಲೇ ಇತ್ತು. ಆಗ ಅವಳ ಮುಖ ನೋಡಬೇಕಿತ್ತು. "ಹಾಗಾದರೆ ನನಗೆ ಹೋದ ಹಾಗೆ ಯಾಕಾಯ್ತು?" ಎಂದಳು. ದೆಹಲಿ ಹಪ್ಪಳ ಕೊಡಿಸಿ ಬೆಂಚಿನ ಮೇಲೆ ಕೂರಿಸಿಕೊಂಡು ನನಗೆ ತಿಳಿದಷ್ಟು ಹೇಳಿದೆ. ಮಕ್ಕಳೇ, ನಿಮಗೂ ಅದನ್ನೇ ಹೇಳುತ್ತೇನೆ.

ನಮ್ಮ ಕಿವಿ ಕೇಳುವುದಕ್ಕೆ ಮಾತ್ರ ಇರುವುದಲ್ಲ. ಒಳಗಿವಿಯಲ್ಲಿ ಬಳೆಯ ತುಂಡಿನ ಹಾಗೆ ಬಾಗಿದ ಮೂರು ಸಣ್ಣ ಕೊಳವೆಗಳಿವೆ. ಅವುಗಳೊಳಗೆ ದ್ರವವಿದೆ. ತಲೆ ತಿರುಗಿಸಿದರೆ ಕೊಳವೆ ತಿರುಗುತ್ತದೆ, ದ್ರವ ಒಂದು ಕ್ಷಣ ಹಿಂದೆ ಉಳಿಯುತ್ತದೆ. ಅಲ್ಲಿರುವ ಕೂದಲಿನಂಥ ಎಳೆಗಳು ಬಾಗಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಅದರ ಪಕ್ಕದಲ್ಲೇ ಲೋಳೆಯ ಮೇಲೆ ಕೂತ ಸುಣ್ಣದ ಹರಳುಗಳಿವೆ, ಕಣ್ಣಿಗೆ ಕಾಣದಷ್ಟು ಚಿಕ್ಕವು. ಬಸ್ಸು ಜೋರಾಗಿ ಮುಂದೆ ಹೊರಟರೆ ಆ ಹರಳುಗಳು ಹಿಂದಕ್ಕೆ ಜಾರುತ್ತವೆ. ಕುರ್ಚಿಯನ್ನು ಹಿಂದಕ್ಕೆ ವಾಲಿಸಿದರೂ ಹಾಗೇ ಜಾರುತ್ತವೆ. ಎರಡಕ್ಕೂ ಇರುವ ವ್ಯತ್ಯಾಸ ಕಿವಿಗೆ ಮಾತ್ರದಿಂದ ಗೊತ್ತಾಗುವುದಿಲ್ಲ, ಕಣ್ಣು ಸಾಕ್ಷಿ ಹೇಳಬೇಕು. ಎದುರಿನ ಪರದೆಯಲ್ಲಿ ನಕ್ಷತ್ರಗಳು ಹಿಂದೆ ಹಿಂದೆ ಓಡುತ್ತಿದ್ದರೆ ಕಣ್ಣು "ಹೌದು, ಮುಂದೆ ಹೋಗುತ್ತಿದ್ದೇವೆ" ಎಂದು ಸುಳ್ಳುಸಾಕ್ಷಿ ಹೇಳುತ್ತದೆ. ಮಿದುಳು ನಂಬಿಬಿಡುತ್ತದೆ. ಆಮೇಲೆ ಯಂತ್ರ ಕುರ್ಚಿಯನ್ನು ಮೆಲ್ಲಗೆ, ಕಿವಿಗೆ ತಿಳಿಯದ ಹಾಗೆ ಮೊದಲಿನ ಜಾಗಕ್ಕೆ ತರುತ್ತದೆ. ಮುಂದಿನ ಮೋಸಕ್ಕೆ ತಯಾರಾಗುತ್ತದೆ. ಕಣ್ಣು ಒಂದು ಹೇಳಿ ಕಿವಿ ಇನ್ನೊಂದು ಹೇಳಿದರೆ ಹೊಟ್ಟೆ ತೊಳಸುತ್ತದೆ. ತಿರುಪತಿಯ ಘಾಟಿ ರಸ್ತೆಯಲ್ಲಿ ನಿಂಬೆಹಣ್ಣು ಮೂಸುವವರಿಗೆಲ್ಲ ಇದರ ಅನುಭವ ಚೆನ್ನಾಗಿಯೇ ಇದೆ.

ಈ ಉಪಾಯ ಹುಟ್ಟಿದ್ದು ಆಟಕ್ಕಲ್ಲ. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತನದು ಪಿಯಾನೊ, ಆರ್ಗನ್ ವಾದ್ಯಗಳನ್ನು ತಯಾರಿಸುವ ಮನೆತನ. ನಮ್ಮ ಹಾರ್ಮೋನಿಯಂ ಪೆಟ್ಟಿಗೆಗೆ ಇರುವಂಥ ತಿದಿಗಳನ್ನೇ ಬಳಸಿ 1929ರ ಹೊತ್ತಿಗೆ ಅವನು ನೆಲದ ಮೇಲೆಯೇ ವಾಲಾಡುವ ಒಂದು ಪುಟ್ಟ ವಿಮಾನ ಮಾಡಿದ. ಎರಡನೇ ಮಹಾಯುದ್ಧದಲ್ಲಿ ಸಾವಿರಾರು ಪೈಲಟ್‌ಗಳು ಅಂಥದ್ದರಲ್ಲಿ ಕೂತು ಕಲಿತರು. ನೆಲದ ಮೇಲೆ ತಪ್ಪು ಮಾಡಿದರೆ ಜೀವ ಹೋಗುವುದಿಲ್ಲವಲ್ಲ! ಪೈಲಟ್‌ಗಳ ಆ ವಿದ್ಯೆಯೇ ಮುಂದೆ ಮಕ್ಕಳ ಆಟವಾಯಿತು. 1987ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ 'ಸ್ಟಾರ್ ಟೂರ್ಸ್' ಎಂಬ ಬಾಹ್ಯಾಕಾಶ ಪಯಣದ ಆಟ ಶುರುವಾಯಿತು. ಪೈಲಟ್‌ಗಳ ತರಬೇತಿಗೆ ಮಾಡಿದಂಥ ಯಂತ್ರವೇ ಅದಕ್ಕೂ ಆಧಾರ. ಈಗ ಬೆಂಗಳೂರಿನಾಚೆ ಬಿಡದಿಯಲ್ಲಿ, 2005ರಲ್ಲಿ ಆರಂಭವಾದ ವಂಡರ್‌ಲಾದಲ್ಲೂ 'ಮಿಷನ್ ಇಂಟರ್‌ಸ್ಟೆಲ್ಲರ್' ಎಂಬ ಆಟವಿದೆ. ಬಾಗಿದ ದೊಡ್ಡ ಪರದೆಯ ಮುಂದೆ ಜನರನ್ನು ಕುರ್ಚಿಸಮೇತ ಮೇಲೆತ್ತಿ ನಕ್ಷತ್ರಲೋಕ ಸುತ್ತಿಸುತ್ತಾರೆ. ಮೊಮ್ಮಗಳು ಶಾಲೆಯ ಪ್ರವಾಸದಲ್ಲಿ ಅಲ್ಲಿಗೂ ಹೋಗಿ ಬಂದವಳು.

"ಅಲ್ಲಿ ಇದಕ್ಕಿಂತ ಸೂಪರ್ ತಾತಾ. ನಿಮ್ಮ ಕಾಲದಲ್ಲಿ ಇಂಥದ್ದೆಲ್ಲ ಎಲ್ಲಿತ್ತು ಪಾಪ" ಎಂದಳು.

ನನ್ನ ಕಾಲವೇನು ಬಂತು, ನನ್ನ ತಾತನ ಕಾಲದಲ್ಲೇ ಇತ್ತು! 1901ರಲ್ಲಿ ಅಮೆರಿಕದ ಬಫಲೊ ನಗರದಲ್ಲಿ ಒಂದು ಮಹಾ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ಫ್ರೆಡರಿಕ್ ಥಾಂಪ್ಸನ್ ಎಂಬಾತ 'ಚಂದ್ರಲೋಕಕ್ಕೆ ಪಯಣ' ಎಂಬ ಆಟ ಕಟ್ಟಿದ. ಬೇರೆ ಆಟಗಳಿಗೆ 25 ಸೆಂಟ್ ಆದರೆ ಇದಕ್ಕೆ 50. ಆದರೂ ಜನ ಸಾಲುಗಟ್ಟಿ ನಿಂತರು. 'ಲೂನಾ' ಎಂಬ ಹೆಸರಿನ ಹಡಗು, ಅದಕ್ಕೆ ಹಕ್ಕಿಯ ಹಾಗೆ ಬಡಿಯುವ ರೆಕ್ಕೆಗಳು. ಹಡಗು ತೂಗಾಡುತ್ತಿತ್ತು, ಫ್ಯಾನುಗಳು ಮುಖಕ್ಕೆ ಗಾಳಿ ಬೀಸುತ್ತಿದ್ದವು, ಕೆಳಗೆ ನಯಾಗರ ಜಲಪಾತದ ಚಿತ್ರ ಸರಿದು ಹೋಗುತ್ತಿತ್ತು, ಭೂಮಿ ಚೆಂಡಿನ ಹಾಗೆ ಚಿಕ್ಕದಾಗುತ್ತಿತ್ತು. ಆಮೇಲೆ ಜನ ಇಳಿದು ಚಂದ್ರನ ಗುಹೆಗಳಲ್ಲಿ ನಡೆಯುತ್ತಿದ್ದರು. ಅಲ್ಲಿ ಚಂದ್ರವಾಸಿಗಳ ವೇಷ ತೊಟ್ಟ ಕುಳ್ಳ ನಟರು ಎದುರುಗೊಂಡು, ಹಾಡಿ ಕುಣಿದು, ಬಂದವರ ಕೈಗೆ ಹಸಿರು ಚೀಸಿನ ತುಣುಕು ಇಡುತ್ತಿದ್ದರು. ನಿಜವಾದ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು 1969ರಲ್ಲಿ. ಅದಕ್ಕೆ 68 ವರ್ಷ ಮೊದಲೇ ಬಫಲೊದ ಜನ ಹೋಗಿ ಚೀಸ್ ತಿಂದು ಬಂದಿದ್ದರು. ಮುಂದೆ ಆ ಆಟ ನ್ಯೂಯಾರ್ಕಿನ ಕೋನಿ ಐಲೆಂಡ್‌ಗೆ ಹೋಯಿತು. 1903ರಲ್ಲಿ ಅಲ್ಲಿ ಆರಂಭವಾದ ಉದ್ಯಾನಕ್ಕೆ 'ಲೂನಾ ಪಾರ್ಕ್' ಎಂದೇ ಹೆಸರಾಯಿತು.

ತೀರ ಈಚೆಗೆ ಡಿಸ್ನಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 2022ರ ಮಾರ್ಚಿನಲ್ಲಿ ಫ್ಲಾರಿಡಾದಲ್ಲಿ ಬಾಹ್ಯಾಕಾಶ ಹಡಗಿನಂಥ ಹೋಟೆಲ್ಲೊಂದನ್ನು ತೆರೆದರು. ಎರಡು ರಾತ್ರಿ ಅಲ್ಲೇ ವಾಸ. ಕಪ್ತಾನ, ಬಂಡುಕೋರ, ಹಾಡುಗಾರ್ತಿ ಎಲ್ಲರೂ ನಟರೇ. ಊಟದ ಮೇಜಿನಲ್ಲೂ ಅವರು ವೇಷ ಬಿಟ್ಟು ಮಾತಾಡುವ ಹಾಗಿಲ್ಲ. ಬಾಡಿಗೆ ಲಕ್ಷಗಳ ಲೆಕ್ಕದಲ್ಲಿತ್ತು. 2023ರ ಸೆಪ್ಟೆಂಬರಿನಲ್ಲಿ ಬಾಗಿಲು ಹಾಕಿತು.

ಕಥೆ ಅಲ್ಲಿಗೆ ಬಂದಾಗ ನನಗೆ ಆ ನೀಲಿ ಮನುಷ್ಯ ನೆನಪಾದ. ಅವನ ಹಿಂದೆಯೇ ಅರವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಇನ್ನೊಂದು ಬಾಲ ನೆನಪಾಯಿತು. ಅದನ್ನು ಮೊಮ್ಮಗಳಿಗೆ ಹೇಳದೆ ವಿಧಿಯಿರಲಿಲ್ಲ.

ನನಗಾಗ ಎಂಟು ವರ್ಷ. ಸುಗ್ಗಿ ಮುಗಿದ ಮೇಲೆ ನಮ್ಮೂರಿಗೆ ಹಗಲುವೇಷದವರು ಬರುತ್ತಿದ್ದರು. ಮೂಡಣ ಬಾಗಿಲು ಎಂಬುದೇ ಮುಳಬಾಗಿಲು ಆಯಿತೆನ್ನುತ್ತಾರೆ. ಆ ಬಾಗಿಲಿನಾಚೆ ತೆಲುಗು ಸೀಮೆ, ಅಲ್ಲಿ ಇವರನ್ನು ಪಗಟಿ ವೇಷಗಾಳ್ಳು ಎನ್ನುತ್ತಾರೆ. ನಾಟಕಕ್ಕೆ ರಾತ್ರಿ ಬೇಕು, ರಂಗಸ್ಥಳ ಬೇಕು, ಪರದೆ ಬೇಕು. ಇವರಿಗೆ ಒಂದೂ ಬೇಡ. ಹಾಡಹಗಲಲ್ಲೇ ಬಣ್ಣ ಹಚ್ಚಿಕೊಂಡು ಬೀದಿಯಲ್ಲಿ ನಡೆದು ಬಂದು ಮನೆ ಜಗಲಿಯ ಮುಂದೆ ನಿಲ್ಲುವರು. ಒಂದು ದಿನ ರಾಮ ಲಕ್ಷ್ಮಣ, ಇನ್ನೊಂದು ದಿನ ಅರ್ಧನಾರೀಶ್ವರ. ಒಬ್ಬನೇ ಮನುಷ್ಯ, ಅರ್ಧ ಮೈ ಶಿವ, ಅರ್ಧ ಮೈ ಸೀರೆಯುಟ್ಟ ಪಾರ್ವತಿ. ನಡುವೆ ಬಟ್ಟೆ ಅಡ್ಡ ಹಿಡಿದು ಒಂದೊಂದೇ ಬದಿ ತೋರಿಸುತ್ತ ಇಬ್ಬರ ದನಿಯಲ್ಲೂ ಜಗಳವಾಡುವನು. ನಾವು ಮಕ್ಕಳು ಬಾಯಿ ಬಿಟ್ಟುಕೊಂಡು ಹಿಂದೆ ಹಿಂದೆ ಹೋಗುವೆವು.

ಮೂರನೇ ದಿನ ಹನುಮಂತ ಬಂದ. ಜಗಲಿಯಿಂದ ಜಗಲಿಗೆ ಹಾರಿದ, ಅಂಗಡಿಯ ಬಾಳೆಹಣ್ಣು ಕಿತ್ತುಕೊಂಡ. ನಾನು ಹಿಂದಿನಿಂದ ಹೋಗಿ ಬಾಲ ಹಿಡಿದು ಎಳೆದೆ. ಬಟ್ಟೆಗೆ ಹುಲ್ಲು ತುಂಬಿ ಹೊಲಿದಿದ್ದ ಬಾಲ ಫಟ್ಟನೆ ಕಿತ್ತು ನನ್ನ ಕೈಗೇ ಬಂತು. ಬೀದಿಗೆ ಬೀದಿಯೇ ನಕ್ಕಿತು. ಹನುಮಂತ ತಿರುಗಿ ನೋಡಿ, ಸೊಂಟದ ಮೇಲೆ ಕೈಯಿಟ್ಟು, "ಲಂಕೆಯಲ್ಲೂ ಹೀಗೇ ಒಬ್ಬ ಎಳೆದಿದ್ದ. ಆಮೇಲೆ ಏನಾಯ್ತು ಗೊತ್ತೇನೋ?" ಎಂದು ಗರ್ಜಿಸಿದ. ನಾನು ಬಾಲ ಬಿಸಾಡಿ ಓಡಿದೆ.

ಹಗಲುವೇಷದವರದು ಒಂದು ಪದ್ಧತಿ. ದಿನಕ್ಕೊಂದು ವೇಷ ಕಟ್ಟಿ, ಕೊನೆಯ ದಿನ ಬಣ್ಣವಿಲ್ಲದೆ ಮನೆಮನೆಗೆ ಬಂದು ಕೊಟ್ಟದ್ದನ್ನು ಪಡೆದು ಹೋಗುವರು. ಆ ದಿನ ನಮ್ಮ ಬಾಗಿಲಿಗೆ ಬಂದ ಹನುಮಂತ ಬಡಕಲು ಮನುಷ್ಯ. ಮುಖದಲ್ಲಿ ಕೆಂಪು ಬಣ್ಣವಿಲ್ಲ, ಕೆನ್ನೆ ಒಳಗೆ ಹೋಗಿತ್ತು. ಬಾಲ ಕಟ್ಟಿದ್ದ ಹಗ್ಗ ಎಳೆದ ಕಡೆ ಸೊಂಟದಲ್ಲಿ ಚರ್ಮ ತರಿದು ಗಾಯವಾಗಿತ್ತು. ನಾನು ಅಮ್ಮನ ಸೆರಗಿನ ಹಿಂದೆ ನಿಂತಿದ್ದೆ. ಅವನು ನಗುತ್ತಲೇ, "ತಾಯೀ, ನಿಮ್ಮ ಹುಡುಗನಿಂದ ಹೊಸ ಬಾಲಕ್ಕೆ ನಾಲ್ಕಾಣೆ ಬರಬೇಕು" ಎಂದ. ಅಮ್ಮ ನನ್ನ ಕೈಗೆ ಸೇರು ಕೊಟ್ಟು, ರಾಗಿಯನ್ನು ನಾನೇ ಅಳೆದು ಅವನ ಚೀಲಕ್ಕೆ ಹಾಕುವಂತೆ ಮಾಡಿದಳು. ಮೇಲೆ ನಾಲ್ಕಾಣೆಯನ್ನೂ ನನ್ನ ಕೈಯಿಂದಲೇ ಕೊಡಿಸಿದಳು. ಮುಂದೆ ಬ್ಯಾಂಕಿನಲ್ಲಿ ಎಷ್ಟೋ ಸಾಲ ವಸೂಲಿ ನೋಡಿದೆ. ಅಷ್ಟು ಮರ್ಯಾದೆಯಿಂದ ಕೇಳಿದವರನ್ನು ಮತ್ತೆ ಕಾಣಲಿಲ್ಲ.

"ಯಂತ್ರಕ್ಕೆ ನಾವೇನೂ ಸಹಾಯ ಮಾಡಬೇಕಿಲ್ಲ ಕಣಮ್ಮ, ಅದು ಕಿವಿಯನ್ನು ಮೋಸ ಮಾಡಿ ನಂಬಿಸುತ್ತೆ" ಎಂದೆ. "ವೇಷದವನು ಹಾಗಲ್ಲ. ಅವನು ಹನುಮಂತ ಆಗಬೇಕಾದರೆ ನೋಡುವ ನಾವೂ ಹೌದು ಅನ್ನಬೇಕು. ನಾನು ಬಾಲ ಕಿತ್ತಾಗಲೂ ಅವನು ಹನುಮಂತನಾಗೇ ಉಳಿದ. ಆಟ ಕೆಡಿಸಿದವನು ನಾನು. ಇವತ್ತು ನೀನು ಎಳೆದಾಗ ನಾನು ನಕ್ಕೆ ನೋಡು, ಅದು ಇನ್ನೂ ದೊಡ್ಡ ತಪ್ಪು. ನನಗೆ ಗೊತ್ತಿತ್ತು."

ಅವಳು ಮಾತಾಡಲಿಲ್ಲ. ಹಪ್ಪಳದ ಚೂರನ್ನು ಕೈಯಲ್ಲೇ ಮುರಿಯುತ್ತ ಕೂತಿದ್ದಳು. ಹೊರಡುವ ಹೊತ್ತಿಗೆ ನೀರಿನ ಬಾಟಲಿ ಎತ್ತಿಕೊಂಡು ನನಗಿಂತ ಮುಂದೆ ಮುಂದೆ ನಡೆದಳು, ಮತ್ತೆ ಆ ದೀಪದ ಗಿಡಗಳ ಕಡೆಗೆ.

ಬಂಡೆಯ ಹಿಂದೆ ಅವನು ಒಬ್ಬನೇ ಕೂತಿದ್ದ. ಕತ್ತಿನ ಬಳಿ ಬೆವರಿಗೆ ನೀಲಿ ಬಣ್ಣ ಕರಗಿ ಗೆರೆ ಗೆರೆಯಾಗಿತ್ತು.

"ಅಂಕಲ್, ಸಾರಿ. ಆವಾಗ ಬಾಲ ಎಳೆದದ್ದು ನಾನೇ. ನೋವಾಯ್ತಾ?"

ಅವನು ಆ ಕಡೆ ಈ ಕಡೆ ನೋಡಿದ. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮೆತ್ತಗೆ, ನಮ್ಮ ಕೋಲಾರದ ಕನ್ನಡದಲ್ಲೇ, "ಇಲ್ಲ ಪುಟ್ಟಾ. ಪಿನ್ನು ಹಾಕಿದ್ದೀನಿ, ಈಗ ಗಟ್ಟಿಯಾಗಿದೆ" ಎಂದ.

ಇವಳು ಬಾಟಲಿ ಚಾಚಿದಳು. ತುಟಿಯ ಬಣ್ಣ ಕೆಡದ ಹಾಗೆ, ಬೇರೆ ಗ್ರಹದಿಂದ ಬಂದ ಆ ನೀಲಿ ಮನುಷ್ಯ ತಲೆ ಹಿಂದಕ್ಕೆ ವಾಲಿಸಿ, ಬಾಟಲಿ ಎತ್ತಿ ಹಿಡಿದು, ನಾವೆಲ್ಲ ಕುಡಿಯುವ ಹಾಗೇ ಗಟಗಟನೆ ಎತ್ತಿ ಕುಡಿದ. ಅಷ್ಟರಲ್ಲಿ ಬಾಗಿಲ ಕಡೆಯಿಂದ ಮಕ್ಕಳ ಇನ್ನೊಂದು ಗುಂಪು ಬಂತು. ಅವನು ಬಾಟಲಿ ವಾಪಸು ಕೊಟ್ಟು, ಬಾಲ ಸರಿಮಾಡಿಕೊಂಡು, ಕುಕ್ಕರುಗಾಲಿನಲ್ಲಿ ಕೂತು ತಲೆ ಒಂದು ಕಡೆ ವಾಲಿಸಿದ. ಮೊಮ್ಮಗಳು ಎರಡು ಹೆಜ್ಜೆ ಹಿಂದೆ ಸರಿದು, ಹೆದರಿದವಳ ಹಾಗೆ ನನ್ನ ಕೈ ಹಿಡಿದುಕೊಂಡಳು.