ರಂಜಕದ ಲೆಕ್ಕ: ನಾನು ಎಡವಿದ್ದು ಎಲ್ಲಿ?

ಸ್ವಂತ ಫೀಡ್ ಕಲಸೋಕೆ ಶುರು ಮಾಡಿದ ಮೇಲೆ ಅದು ಎರಡನೇ ಬ್ಯಾಚ್. ಹನ್ನೆರಡನೇ ದಿನಕ್ಕೆ ಬ್ರಾಯ್ಲರ್ ಮರಿಗಳು ಕಾಲು ಎಳೆಯತೊಡಗಿದವು. ಹದಿನೈದಕ್ಕೆ ಕೆಲವು ಕೂತಲ್ಲೇ ಕೂತವು, ನೀರಿನ ತನಕವೂ ಹೋಗಲಿಲ್ಲ. ಪಶುವೈದ್ಯರು ಸತ್ತ ಮರಿಯೊಂದನ್ನು ಕೊಯ್ದು ಕಾಲಿನ ಮೂಳೆ ಬಗ್ಗಿಸಿದರು. ಟಕ್ ಅಂತ ಮುರಿಯಬೇಕಾದ್ದು ರಬ್ಬರ್ ಥರ ಬಾಗಿತು. "ರಂಜಕ ಎಷ್ಟು ಹಾಕಿದ್ದೀಯಪ್ಪ?" ಅಂದರು. ಮೊಬೈಲ್‌ನಲ್ಲಿದ್ದ ಲೆಕ್ಕ ತೋರಿಸಿದೆ. ಕೂಡಿದರೆ ಸರಿಯಾಗೇ ಇತ್ತು!

ತಪ್ಪಿದ್ದು ಬೇರೆ ಕಡೆ. ಕಾಳಿನಲ್ಲಿರುವ ರಂಜಕದ ಸುಮಾರು ಮೂರನೇ ಎರಡು ಭಾಗ ಫೈಟೇಟ್ ರೂಪದಲ್ಲಿ ಕಟ್ಟಿಹಾಕಿಕೊಂಡಿರುತ್ತೆ. ಕೋಳಿಗೆ ಅದು ಸರಿಯಾಗಿ ದಕ್ಕಲ್ಲ. ಲ್ಯಾಬ್ ವರದಿಯಲ್ಲಿ 'ಒಟ್ಟು ರಂಜಕ' ಅಂತ ಇದ್ದರೆ ಅದನ್ನೂ ಸೇರಿಸಿ ಬರೆದಿರ್ತಾರೆ. ನಾವು ನೋಡಬೇಕಾದ್ದು 'ಲಭ್ಯ ರಂಜಕ'.

ನನ್ನ 100 ಕೆಜಿ ಸ್ಟಾರ್ಟರ್‌ನಲ್ಲಿ 60 ಕೆಜಿ ಮುಸುಕಿನ ಜೋಳ, 35 ಕೆಜಿ ಸೋಯಾ ಹಿಂಡಿ. ಒಟ್ಟು ರಂಜಕ ಜೋಳದಲ್ಲಿ 0.28%, ಹಿಂಡಿಯಲ್ಲಿ 0.65%. ಕೂಡಿದರೆ 395 ಗ್ರಾಂ. ಬೇಕಿರೋದು 450, ಇನ್ನು 55 ಗ್ರಾಂ ಸಾಕು ಅಂದುಕೊಂಡು 300 ಗ್ರಾಂ ಡಿಸಿಪಿ ಹಾಕಿದ್ದೆ. ಆದರೆ ಲಭ್ಯ ರಂಜಕ ಜೋಳದಲ್ಲಿ 0.08%, ಹಿಂಡಿಯಲ್ಲಿ 0.27% ಅಷ್ಟೇ. ಅಂದರೆ ಬರೀ 142 ಗ್ರಾಂ. ಕೊರತೆ 308 ಗ್ರಾಂ. ಡಿಸಿಪಿಯಲ್ಲಿ 18% ರಂಜಕ ಅಂತ ಹಿಡಿದರೆ ಸುಮಾರು 1.7 ಕೆಜಿ ಬೇಕಿತ್ತು. ನಾನು ಹಾಕಿದ್ದು ಅದರ ಐದನೇ ಒಂದು ಭಾಗವೂ ಅಲ್ಲ.

ಆ 450 ಗ್ರಾಂ, ಅಂದರೆ 0.45%, ಅಮೆರಿಕದ ಎನ್‌ಆರ್‌ಸಿ 1994ರಲ್ಲಿ ಕೊಟ್ಟ ಪ್ರಮಾಣ, ಮೊದಲ ಮೂರು ವಾರಕ್ಕೆ. ಮೂರರಿಂದ ಆರು ವಾರಕ್ಕೆ 0.35%, ಆಮೇಲೆ 0.30%. ಕೋಳಿ ಬೆಳೆದಂತೆ ಡಿಸಿಪಿ ಇಳಿಸದಿದ್ದರೆ ದುಡ್ಡು ಹಿಕ್ಕೆಯಲ್ಲಿ ಹೋಗುತ್ತೆ. ಇದು ಹಳೇ ಪಟ್ಟಿ, ಹಾಗಾಗಿ ನಿಮ್ಮ ತಳಿಯ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡೀರಿ.

ಸುಣ್ಣಕಲ್ಲಿನ ಪುಡಿ ಸುರಿಯೋರಿಗೆ ಒಂದು ಮಾತು. ಕ್ಯಾಲ್ಸಿಯಂ ಲಭ್ಯ ರಂಜಕದ ಎರಡು ಪಟ್ಟಿನ ಆಸುಪಾಸಿನಲ್ಲಿರಲಿ. ಜಾಸ್ತಿಯಾದರೆ ಇದ್ದ ರಂಜಕವೂ ದಕ್ಕಲ್ಲ.

ಈಗ ಫೈಟೇಸ್ ಕಿಣ್ವನೂ ಬಳಸ್ತೀನಿ. ಅದು ಫೈಟೇಟ್ ಒಡೆದು ರಂಜಕ ಬಿಡಿಸುತ್ತೆ, ಪ್ಯಾಕೆಟ್ ಮೇಲೆ ಹೇಳಿರೋಷ್ಟು ಮಾತ್ರ ಡಿಸಿಪಿ ಕಡಿಮೆ ಮಾಡ್ತೀನಿ. ಪೆಲೆಟ್ ಮಾಡಿಸೋರು ಶಾಖ ತಡೆಯೋ ಫೈಟೇಸ್ ಕೇಳಿ ತಗೊಳ್ಳಿ.

ಅವತ್ತು ರಾತ್ರಿಯೇ ಫೀಡ್ ಬದಲಿಸಿ, ಡಾಕ್ಟರ್ ಹೇಳಿದಂತೆ ವಿಟಮಿನ್ ಡಿ3 ಕೊಟ್ಟೆ. ವಾರದಲ್ಲಿ ತುಂಬಾ ಮರಿಗಳು ಎದ್ದು ಓಡಾಡಿದವು. ಕಾಲು ಸೊಟ್ಟಗಾದವು ಮಾತ್ರ ತೂಕ ಹಿಡೀಲೇ ಇಲ್ಲ.