ಮಗಳ ಸುಸ್ತು ಸೋಮಾರಿತನ ಅಲ್ಲ

ಒಂಬತ್ತನೇ ಕ್ಲಾಸಿನ ಹುಡುಗಿ. ಬೆಳಗ್ಗೆ ಪ್ರಾರ್ಥನೆಗೆ ನಿಂತರೆ ತಲೆ ಸುತ್ತುತ್ತೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಮನೆಯಲ್ಲಿ ‘ಸೋಮಾರಿ’ ಅಂತಾರೆ, ಶಾಲೆಯಲ್ಲಿ ‘ಪಾಠದ ಕಡೆ ಗಮನ ಇಲ್ಲ’ ಅಂತಾರೆ.

ಅದು ರಕ್ತಹೀನತೆ ಇರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ಈ ತೊಂದರೆ ಇತ್ತು. ಹುಡುಗರಲ್ಲಿ ಶೇ. 31.

ಮುಟ್ಟು ಶುರುವಾದ ಮೇಲೆ, ರಕ್ತ ತುಂಬೋಕೆ ಮೈಗೆ ಕಬ್ಬಿಣಾಂಶ ಜಾಸ್ತಿ ಬೇಕು. ಆದರೆ ಎಷ್ಟೋ ಮನೆಗಳಲ್ಲಿ ಗಂಡಸರ ಊಟ ಮುಗಿದ ಮೇಲೇ ಅವಳಿಗೆ ತಟ್ಟೆ. ಅಷ್ಟೊತ್ತಿಗೆ ಸೊಪ್ಪು, ಕಾಳು ಖಾಲಿ. ಪಾತ್ರೆಯಲ್ಲಿ ಉಳಿದಿರೋದು ತಿಳಿ ಸಾರು. ಊಟದ ಜೊತೆಗೇ ಟೀ ಕುಡಿದರೆ, ಇದ್ದ ಕಬ್ಬಿಣಾಂಶವೂ ಮೈಗೆ ಸರಿಯಾಗಿ ಹತ್ತಲ್ಲ.

ಸರ್ಕಾರಿ ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ ಉಚಿತವಾಗಿ ಕೊಡ್ತಾರೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರಬಹುದು. ಊಟ ಮಾಡಿ ನುಂಗಿದರೂ ಮಲ ಕಪ್ಪಾಗಬಹುದು. ಟೀಚರ್ ಇದನ್ನ ಮೊದಲೇ ಹೇಳದಿದ್ದರೆ ಮಕ್ಕಳು ಹೆದರಿ ಬಿಸಾಡಿಬಿಡ್ತಾರೆ. ಬಿಸಿಯೂಟ ಆದಮೇಲೆ, ಕಣ್ಣೆದುರೇ ನುಂಗಿಸಿದರೆ ಒಳ್ಳೇದು.

ಶಾಲೆ ಬಿಟ್ಟ ಹುಡುಗಿಗೂ ಅಂಗನವಾಡಿಯಲ್ಲಿ ಈ ಮಾತ್ರೆ ಸಿಗುತ್ತೆ. ಆದರೆ ನನಗೆ ಹೆಚ್ಚು ಕಳವಳ ಅವಳದ್ದೇ. ಶಾಲೆ ನಿಂತರೆ ಮದುವೆ ಮಾತು ಬೇಗ ಬರುತ್ತೆ. ಮೈಯಲ್ಲಿ ರಕ್ತ ತುಂಬೋ ಮೊದಲೇ ಬಸಿರು.

ಅಪ್ಪ, ಅಮ್ಮ, ಇವತ್ತು ರಾತ್ರಿ ಮಗಳಿಗೂ ಎಲ್ಲರ ಜೊತೆಗೇ ಬಡಿಸಿ. ನುಗ್ಗೆಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ. ಸುಸ್ತು ಹೋಗದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.