ಶನಿವಾರದ ಫುಟ್‌ಬಾಲ್, ಭಾನುವಾರದ ಫುಟ್‌ಬಾಲ್

ಅಮೆರಿಕದಲ್ಲಿ ಓದುವ ಮಕ್ಕಳಿರುವ ಮನೆಗಳಲ್ಲಿ ಸೆಪ್ಟೆಂಬರ್ ಬಂತೆಂದರೆ ಒಂದು ಮಾತು ಕೇಳಿಬರುತ್ತದೆ. ‘ಈ ಶನಿವಾರ ಮ್ಯಾಚ್ ಇದೆ ಅಪ್ಪ, ಕಾರು ನಿಲ್ಲಿಸೋಕೂ ಜಾಗ ಸಿಗಲ್ಲ, ದಿನಸಿ ಶುಕ್ರವಾರಾನೇ ತಂದಿಟ್ಟುಕೊಂಡೆ’ ಎಂದು ಮಗಳು ಹೇಳಿದರೆ ಇತ್ತ ಅಪ್ಪನಿಗೆ ನಂಬಿಕೆ ಬರುವುದಿಲ್ಲ. ‘ಕಾಲೇಜು ಮ್ಯಾಚಿಗೆ ಅಷ್ಟು ಜನಾನಾ?’ ನಮ್ಮ ಲೆಕ್ಕದಲ್ಲಿ ಅಂತರ ಕಾಲೇಜು ಪಂದ್ಯವೆಂದರೆ ಪಿ.ಇ. ಮೇಷ್ಟ್ರು, ನಾಲ್ಕು ಜನ ಗೆಳೆಯರು, ಒಂದು ಡಬ್ಬಿ ಗ್ಲೂಕೋಸು.

ಅಲ್ಲೇ ನೆಲೆಸಿದವರ ತಪ್ಪು ಕಲ್ಪನೆಗಳು ಬೇರೆ ಥರದವು. ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಲೀಗಾದ ಎನ್‌ಎಫ್‌ಎಲ್ ನೋಡಿ ಆಟ ಕಲಿತವರಿಗೆ ಕಾಲೇಜಿನದು ಎಳಸು ಆಟ. ತಾವು ಓದಿದ ವಿಶ್ವವಿದ್ಯಾಲಯದ ತಂಡಕ್ಕೆ ಪ್ರಾಣ ಬಿಡುವವರಿಗೆ ಎನ್‌ಎಫ್‌ಎಲ್ ಬರೀ ದುಡ್ಡಿನ ವ್ಯವಹಾರ. ಎರಡೂ ಪಂಗಡದವರು ಒಂದು ಆಟವನ್ನು ಇನ್ನೊಂದರ ಅಳತೆಗೋಲಿನಿಂದ ಅಳೆಯುತ್ತಾರೆ. ಎಡವುವುದು ಅಲ್ಲೇ.

“ಕಾಲೇಜಿನದು ವೃತ್ತಿಪರ ಆಟದ ಮರಿ”

ವಯಸ್ಸು ನೋಡಿದರೆ ಮರಿ ಯಾವುದೆಂಬುದೇ ತಲೆಕೆಳಗಾಗುತ್ತದೆ. ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳು ನ್ಯೂಜೆರ್ಸಿಯಲ್ಲಿ ಮೊದಲ ಪಂದ್ಯ ಆಡಿದ್ದು 1869ರ ನವೆಂಬರ್ 6ರಂದು. ಒಂದೊಂದು ಕಡೆಗೆ ಇಪ್ಪತ್ತೈದು ಜನ, ದುಂಡನೆಯ ಚೆಂಡು. ಇವತ್ತಿನ ಆಟಕ್ಕಿಂತ ಸಾಕರ್‌ಗೇ ಹತ್ತಿರವಾಗಿದ್ದ ಆ ಪಂದ್ಯವನ್ನು ರಟ್ಗರ್ಸ್ 6–4ರಿಂದ ಗೆದ್ದಿತು. ಎನ್‌ಎಫ್‌ಎಲ್ ಹುಟ್ಟಿದ್ದು ಅರ್ಧ ಶತಮಾನದ ನಂತರ, 1920ರಲ್ಲಿ, ಒಹಾಯೊದ ಕ್ಯಾಂಟನ್ ಪಟ್ಟಣದ ಒಂದು ಕಾರು ಶೋರೂಮಿನಲ್ಲಿ. ಕುರ್ಚಿಗಳು ಸಾಲದೆ ತಂಡಗಳ ಮಾಲೀಕರು ಮಾರಾಟಕ್ಕಿದ್ದ ಕಾರುಗಳ ಮೆಟ್ಟಿಲ ಮೇಲೇ ಕೂತು ಸಭೆ ಮುಗಿಸಿದರು. ಆ ಹೊತ್ತಿಗೆ ಕಾಲೇಜು ಆಟ ಲಕ್ಷಾಂತರ ಜನರ ಹುಚ್ಚಾಗಿತ್ತು. ಸಂಬಳಕ್ಕೆ ಫುಟ್‌ಬಾಲ್ ಆಡುವವನನ್ನು ಮರ್ಯಾದಸ್ಥರು ಅಷ್ಟಕ್ಕಷ್ಟೇ ನೋಡುತ್ತಿದ್ದರು. 1925ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ರೆಡ್ ಗ್ರೇಂಜ್ ಕೊನೆಯ ಕಾಲೇಜು ಪಂದ್ಯ ಮುಗಿಸಿದವನೇ ಷಿಕಾಗೊ ಬೇರ್ಸ್ ಸೇರಿದಾಗ ಅವನ ಕೋಚ್‌ಗೇ ಅದು ಸರಿಬರಲಿಲ್ಲ. ಆದರೆ ಗ್ರೇಂಜ್ ಹೋದಲ್ಲೆಲ್ಲ ಮೈದಾನ ತುಂಬಿತು, ವೃತ್ತಿಪರ ಆಟಕ್ಕೆ ಉಸಿರು ಬಂದದ್ದು ಹಾಗೆ.

ಗಾತ್ರದ ಮಾತಿಗೆ ಬಂದರೆ, ಲಕ್ಷಕ್ಕಿಂತ ಹೆಚ್ಚು ಆಸನಗಳಿರುವ ಅಮೆರಿಕದ ಫುಟ್‌ಬಾಲ್ ಕ್ರೀಡಾಂಗಣಗಳೆಲ್ಲ ವಿಶ್ವವಿದ್ಯಾಲಯಗಳವೇ. ಮಿಷಿಗನ್ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು. ಪೆನ್ ಸ್ಟೇಟ್, ಒಹಾಯೊ ಸ್ಟೇಟ್, ಟೆಕ್ಸಸ್ ಎ ಆ್ಯಂಡ್ ಎಂ ಇವೂ ಲಕ್ಷ ದಾಟಿದವು. ಎನ್‌ಎಫ್‌ಎಲ್‌ನ ಅತಿ ದೊಡ್ಡ ಕ್ರೀಡಾಂಗಣ, ನ್ಯೂಯಾರ್ಕಿನ ಎರಡು ತಂಡಗಳು ಹಂಚಿಕೊಂಡಿರುವ ಮೆಟ್‌ಲೈಫ್, ಸುಮಾರು 82 ಸಾವಿರದ್ದು. ಟಿವಿಯಲ್ಲಿ ಲೆಕ್ಕ ಬೇರೆ: 2025ರ ಎನ್‌ಎಫ್‌ಎಲ್ ಫೈನಲ್, ಅಂದರೆ ಸೂಪರ್ ಬೌಲ್‌ ಅನ್ನು ಅಮೆರಿಕದಲ್ಲಿ ನೋಡಿದವರು ಸರಾಸರಿ 12 ಕೋಟಿಗೂ ಹೆಚ್ಚು. ಅಷ್ಟು ಕಣ್ಣುಗಳನ್ನು ಹಿಡಿದಿಡುವ ಕಾಲೇಜು ಪಂದ್ಯವಿಲ್ಲ. ಮೈದಾನಕ್ಕೆ ಹೋಗಿ ನೋಡುವ ಆಟ ಒಂದು, ಸೋಫಾದಲ್ಲಿ ಕೂತು ನೋಡುವ ಆಟ ಇನ್ನೊಂದು ಎಂದರೂ ನಡೆದೀತು.

ಶನಿವಾರ ಕಾಲೇಜಿಗೆ, ಭಾನುವಾರ ಎನ್‌ಎಫ್‌ಎಲ್‌ಗೆ ಎಂಬ ಹಂಚಿಕೆಯ ಹಿಂದೆ ರೂಢಿಯ ಜೊತೆ ಕಾನೂನೂ ಇದೆ. ತಂಡಗಳೆಲ್ಲ ಒಟ್ಟುಗೂಡಿ ಟಿವಿ ಹಕ್ಕು ಮಾರಲು 1961ರ ಕಾಯ್ದೆ ಎನ್‌ಎಫ್‌ಎಲ್‌ಗೆ ವಿನಾಯಿತಿ ಕೊಟ್ಟಿತು. ಆದರೆ ಸೆಪ್ಟೆಂಬರ್ ಎರಡನೆಯ ವಾರದಿಂದ ಡಿಸೆಂಬರ್ ನಡುವಿನವರೆಗೆ ಶುಕ್ರವಾರ ರಾತ್ರಿ, ಶನಿವಾರ ಇಡೀ ದಿನ ಶಾಲೆ ಕಾಲೇಜು ಪಂದ್ಯಗಳ ಮೇಲೆ ಬೀಳುವಂತೆ ಪ್ರಸಾರ ಮಾಡಿದರೆ ಆ ವಿನಾಯಿತಿ ಕೈತಪ್ಪುತ್ತದೆ. ಡಿಸೆಂಬರ್ ಕೊನೆಗೆ ಎನ್‌ಎಫ್‌ಎಲ್ ದಿಢೀರನೆ ಶನಿವಾರವೂ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ.

“ನಿಯಮ ಒಂದೇ, ಆಡುವವರಷ್ಟೇ ಬೇರೆ”

ಮೇಲ್ನೋಟಕ್ಕೆ ಹೌದು. ಮೈದಾನದ ಉದ್ದಗಲ ಒಂದೇ, ಹನ್ನೊಂದು ಜನ, ಹದಿನೈದು ನಿಮಿಷದ ನಾಲ್ಕು ಕ್ವಾರ್ಟರ್, ನಾಲ್ಕು ಯತ್ನದಲ್ಲಿ ಹತ್ತು ಗಜ. ಆದರೆ ಒಂದು ಕ್ಯಾಚನ್ನು ಹತ್ತಿರದಿಂದ ನೋಡಿ. ಅಂಚುಗೆರೆಯ ಪಕ್ಕ ಓಡುತ್ತಿರುವವನು ಜಿಗಿದು ಚೆಂಡು ಹಿಡಿಯುತ್ತಾನೆ. ಇಳಿಯುವಾಗ ಎಡಗಾಲ ಹೆಬ್ಬೆರಳು ಹುಲ್ಲಿಗೆ ತಾಗುತ್ತದೆ, ಬಲಗಾಲು ಬಿಳಿ ಗೆರೆಯ ಮೇಲೆ ಬೀಳುತ್ತದೆ. ಶನಿವಾರವಾದರೆ ಅದು ಕ್ಯಾಚ್, ಒಂದು ಕಾಲು ಒಳಗಿದ್ದರೆ ಸಾಕು. ಭಾನುವಾರ ತೀರ್ಪುಗಾರ ಕೈಯಾಡಿಸಿ ಇಲ್ಲವೆನ್ನುತ್ತಾನೆ, ಎರಡೂ ಕಾಲು ಒಳಗೆ ಊರಬೇಕು. ಎನ್‌ಎಫ್‌ಎಲ್ ಆಟಗಾರರು ಬೆರಳ ತುದಿಯಲ್ಲಿ ಕುಣಿದು ಬೀಳುವ ಆ ವಿಚಿತ್ರ ಭಂಗಿ ಈ ನಿಯಮದ ಕೂಸು.

ಇನ್ನೊಂದು: ಚೆಂಡು ಹಿಡಿದು ಓಡುವವನು ಯಾರೂ ಮುಟ್ಟದೆ ತಾನಾಗಿಯೇ ಜಾರಿ ಮೊಣಕಾಲೂರಿದ. ಕಾಲೇಜಿನಲ್ಲಿ ಆಟ ಅಲ್ಲಿಗೇ ನಿಂತಿತು. ಎನ್‌ಎಫ್‌ಎಲ್‌ನಲ್ಲಿ ಎದುರಾಳಿ ಮುಟ್ಟುವವರೆಗೂ ಅವನು ಎದ್ದು ಓಡಬಹುದು. ಭಾನುವಾರದ ಪ್ರೇಕ್ಷಕ ಶನಿವಾರ ‘ಏಳೋ, ಓಡೋ!’ ಎಂದು ಕೂಗಿ ಪಕ್ಕದವರಿಂದ ನಗೆಪಾಟಲಾಗುವುದು ಇಲ್ಲಿ.

ಇವೆಲ್ಲ ಕಣ್ಣಿಗೆ ಕಾಣುವ ವ್ಯತ್ಯಾಸ. ಆಟದ ಸ್ವರೂಪವನ್ನೇ ಬದಲಿಸುವುದು ಹ್ಯಾಶ್ ಮಾರ್ಕ್ ಎಂಬ ಸಣ್ಣ ಗೀಟುಗಳು. ಹಿಂದಿನ ಆಟ ಮೈದಾನದ ಯಾವ ಮೂಲೆಯಲ್ಲಿ ಮುಗಿದಿದ್ದರೂ ಮುಂದಿನ ಆಟಕ್ಕೆ ಚೆಂಡನ್ನು ಈ ಎರಡು ಸಾಲು ಗೀಟುಗಳ ಮೇಲೆ ಅಥವಾ ನಡುವೆ ಇಡಬೇಕು. ಎನ್‌ಎಫ್‌ಎಲ್‌ನಲ್ಲಿ ಅವುಗಳ ನಡುವೆ ಇರುವುದು 18 ಅಡಿ 6 ಅಂಗುಲ, ಗೋಲುಕಂಬಗಳ ನಡುವಿನಷ್ಟೇ. ಕಾಲೇಜಿನಲ್ಲಿ 40 ಅಡಿ. ಮೈದಾನದ ಅಗಲ 160 ಅಡಿ. ಹಾಗಾಗಿ ಕಾಲೇಜಿನಲ್ಲಿ ಚೆಂಡು ಎಡ ಗೀಟಿನ ಮೇಲಿದ್ದರೆ ಎಡಕ್ಕೆ 60 ಅಡಿ, ಬಲಕ್ಕೆ ಬರೋಬ್ಬರಿ 100 ಅಡಿ. ಅಷ್ಟು ಬಯಲನ್ನು ಕಾಯುವುದು ಯಾವ ರಕ್ಷಣಾ ಸಾಲಿಗೂ ಕಷ್ಟ. ಕಾಲೇಜು ತಂಡಗಳು ಆಟಗಾರರನ್ನು ಅಗಲಕ್ಕೆ ಹರಡಿ, ಚೆಂಡು ಎಸೆಯಬೇಕಾದ ಕ್ವಾರ್ಟರ್‌ಬ್ಯಾಕನ್ನೇ ಓಡಿಸಿ, ಅಂಕಗಳ ಸುರಿಮಳೆ ತರುವುದರ ಗುಟ್ಟಿನಲ್ಲಿ ಈ ನೂರು ಅಡಿಯ ಪಾಲು ದೊಡ್ಡದು. ಅದನ್ನು ಎಳಸುತನ ಎಂದವರಿಗೆ ಒಂದು ಪ್ರಶ್ನೆ: ಇವತ್ತು ಎನ್‌ಎಫ್‌ಎಲ್‌ನಲ್ಲಿ ಮೆರೆಯುತ್ತಿರುವ ತಂತ್ರಗಳೆಷ್ಟು ಕಾಲೇಜಿನಿಂದ ಮೇಲಕ್ಕೆ ಹೋದವು? ಎನ್‌ಎಫ್‌ಎಲ್‌ನ ತಾರಾ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಆಡಿ ಬೆಳೆದದ್ದು ಟೆಕ್ಸಸ್ ಟೆಕ್‌ನ ಚೆಂಡು ಎಸೆಯುವ ಗೀಳಿನ ತಂಡದಲ್ಲಿ.

ಸಮಬಲವಾದಾಗಲೂ ದಾರಿ ಬೇರೆ. ಎನ್‌ಎಫ್‌ಎಲ್ ಲೀಗ್ ಪಂದ್ಯ ಹೆಚ್ಚುವರಿ ಹತ್ತು ನಿಮಿಷದಲ್ಲೂ ತೀರದಿದ್ದರೆ ಡ್ರಾ. ಕಾಲೇಜಿನಲ್ಲಿ 1996ರಿಂದ ಡ್ರಾ ಎಂಬುದೇ ಇಲ್ಲ. 2021ರಲ್ಲಿ ಇಲಿನಾಯ್ ತಂಡ ಪೆನ್ ಸ್ಟೇಟನ್ನು ಅದರ ಮನೆಯಂಗಳದಲ್ಲೇ ಸೋಲಿಸಲು ಒಂಬತ್ತು ಓವರ್‌ಟೈಮ್ ತೆಗೆದುಕೊಂಡಿತು. ಅಷ್ಟೆಲ್ಲ ಆದ ಮೇಲೂ ಅಂಕ 20–18.

“ಒಳ್ಳೆಯ ಕಾಲೇಜು ತಂಡ ಎನ್‌ಎಫ್‌ಎಲ್‌ನ ಕಳಪೆ ತಂಡವನ್ನು ಸೋಲಿಸೀತು”

ಎನ್‌ಎಫ್‌ಎಲ್‌ನಲ್ಲಿ ಯಾವುದಾದರೂ ತಂಡ ಸಾಲಾಗಿ ಸೋಲತೊಡಗಿದರೆ ಈ ವಾದ ಎದ್ದು ಕೂರುತ್ತದೆ. ಇದಕ್ಕೆ ಹತ್ತಿರದ ಪರೀಕ್ಷೆಯೊಂದು ನಾಲ್ಕು ದಶಕ ನಡೆದಿದೆ. ಷಿಕಾಗೊ ಟ್ರಿಬ್ಯೂನ್ ಪತ್ರಿಕೆಯ ಕ್ರೀಡಾ ಸಂಪಾದಕ ಆರ್ಚ್ ವಾರ್ಡ್ 1934ರಲ್ಲಿ ಶುರುಮಾಡಿದ ಪಂದ್ಯ ಅದು: ಒಂದು ಕಡೆ ಎನ್‌ಎಫ್‌ಎಲ್ ಚಾಂಪಿಯನ್, ಇನ್ನೊಂದು ಕಡೆ ಇಡೀ ದೇಶದಿಂದ ಆರಿಸಿದ, ಆಗಷ್ಟೇ ಕಾಲೇಜು ಮುಗಿಸಿದ ತಾರೆಗಳು. ಮೊದಲ ವರ್ಷ ಬೇರ್ಸ್ ವಿರುದ್ಧ 0–0 ಡ್ರಾ. ಹುಡುಗರು ಕೊನೆಯ ಸಲ ಗೆದ್ದದ್ದು 1963ರಲ್ಲಿ, ಗ್ರೀನ್ ಬೇ ಪ್ಯಾಕರ್ಸ್ ಮೇಲೆ, 20–17ರಿಂದ. 1976ರ ಜುಲೈನಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ 24–0 ಮುಂದಿದ್ದಾಗ ಮೂರನೆಯ ಕ್ವಾರ್ಟರ್‌ನಲ್ಲಿ ಮಳೆ ಧೋ ಎಂದು ಸುರಿಯಿತು. ಆಟ ನಿಂತಿತು, ಜನ ಮೈದಾನಕ್ಕೆ ನುಗ್ಗಿ ನೀರಲ್ಲಿ ಜಾರಾಡಿದರು, ಗೋಲುಕಂಬ ಕಿತ್ತರು. ಪಂದ್ಯ ಮತ್ತೆ ಶುರುವಾಗಲೇ ಇಲ್ಲ, ಮುಂದಿನ ವರ್ಷವೂ ಇಲ್ಲ. ಒಟ್ಟು 42 ಪಂದ್ಯ: ವೃತ್ತಿಪರರಿಗೆ 31, ಕಾಲೇಜಿನವರಿಗೆ 9, ಎರಡು ಡ್ರಾ.

ಎದುರಿದ್ದದ್ದು ಚಾಂಪಿಯನ್, ಕಳಪೆ ತಂಡವಲ್ಲವಲ್ಲ ಎನ್ನಬಹುದು. ಸರಿ. ಆದರೆ ಇತ್ತ ಇದ್ದದ್ದೂ ಒಂದು ಕಾಲೇಜಿನ ತಂಡವಲ್ಲ, ದೇಶದ ಆಯ್ದ ಕೆನೆ. ಒಂದೇ ಕಾಲೇಜು ಎಷ್ಟು ಬಲವಾಗಿರಬಹುದು ಎಂಬುದಕ್ಕೆ 2021ರ ಚಾಂಪಿಯನ್ ಜಾರ್ಜಿಯಾ ಒಳ್ಳೆಯ ಉದಾಹರಣೆ. ಮರುವರ್ಷದ ಡ್ರಾಫ್ಟ್‌ನಲ್ಲಿ, ಅಂದರೆ ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಕಲಾಪದಲ್ಲಿ, ಅದರ 15 ಆಟಗಾರರನ್ನು ಎನ್‌ಎಫ್‌ಎಲ್ ತಂಡಗಳು ಆರಿಸಿಕೊಂಡವು, ಏಳು ಸುತ್ತಿನ ಡ್ರಾಫ್ಟ್‌ನಲ್ಲಿ ಅದು ದಾಖಲೆ. ಎನ್‌ಎಫ್‌ಎಲ್‌ನ ಅತಿ ಕಳಪೆ ತಂಡದಲ್ಲಿ ಅಂಥವರು 53 ಜನ. ಅವರೆಲ್ಲ ಮೈ ಬಲಿತ ಗಂಡಸರು, ಇತ್ತ ಬಹುಪಾಲು ಹತ್ತೊಂಬತ್ತು ಇಪ್ಪತ್ತರ ಹುಡುಗರು. ಈ ವಾದ ನನಗಂತೂ ಹರಟೆಕಟ್ಟೆಗಷ್ಟೇ ಲಾಯಕ್ಕು.

“ಕಾಲೇಜಿನ ತಾರೆ ಎನ್‌ಎಫ್‌ಎಲ್‌ನಲ್ಲೂ ತಾರೆಯೇ”

ಕಾಲೇಜಿನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿಯ ಮೊದಲ ಹೆಸರೇ ಇದನ್ನು ಸುಳ್ಳಾಗಿಸುತ್ತದೆ. ಷಿಕಾಗೊ ವಿಶ್ವವಿದ್ಯಾಲಯದ ಜೇ ಬರ್ವಾಂಗರ್ 1935ರಲ್ಲಿ ಅದನ್ನು ಗೆದ್ದ. ಮರುವರ್ಷ ನಡೆದ ಎನ್‌ಎಫ್‌ಎಲ್‌ನ ಮೊಟ್ಟಮೊದಲ ಡ್ರಾಫ್ಟ್‌ನಲ್ಲಿ ಮೊದಲು ಕರೆದದ್ದೂ ಅವನ ಹೆಸರನ್ನೇ. ಸಂಬಳ ಹೊಂದಲಿಲ್ಲ, ಅವನು ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಅವನ ವಿಶ್ವವಿದ್ಯಾಲಯ 1939ರಲ್ಲಿ ಫುಟ್‌ಬಾಲನ್ನೇ ಕೈಬಿಟ್ಟಿತು. ಅತ್ತ 2000ರ ಡ್ರಾಫ್ಟ್‌ನಲ್ಲಿ 199ನೆಯವನಾಗಿ ಆಯ್ಕೆಯಾದ ಟಾಮ್ ಬ್ರೇಡಿ ಏಳು ಸೂಪರ್ ಬೌಲ್ ಗೆದ್ದ. ಕೋಚ್‌ಗಳ ಕಥೆಯೂ ಅಷ್ಟೆ. ಕಾಲೇಜಿನಲ್ಲಿ ಏಳು ರಾಷ್ಟ್ರೀಯ ಪ್ರಶಸ್ತಿಗಳ ನಿಕ್ ಸೇಬನ್ ಎನ್‌ಎಫ್‌ಎಲ್‌ನ ಮಯಾಮಿ ತಂಡದ ಚುಕ್ಕಾಣಿ ಹಿಡಿದ ಎರಡು ವರ್ಷದಲ್ಲಿ ಗೆದ್ದದ್ದು 15, ಸೋತದ್ದು 17. ಹದಿನೆಂಟರ ಹುಡುಗರನ್ನು ಮನೆಮನೆಗೆ ಹೋಗಿ ಒಲಿಸಿ ತರುವ ಕಸುಬು ಎನ್‌ಎಫ್‌ಎಲ್‌ನಲ್ಲಿ ಉಪಯೋಗಕ್ಕೆ ಬರುವುದಿಲ್ಲ.

“ಕಾಲೇಜಿನವರು ಪ್ರೀತಿಗೆ ಆಡುತ್ತಾರೆ, ಎನ್‌ಎಫ್‌ಎಲ್‌ನವರು ದುಡ್ಡಿಗೆ”

ಈ ನಂಬಿಕೆಗೆ ಅಂಟಿಕೊಂಡವರು ಅಲ್ಲಿಯೂ ಬಹಳ ಇದ್ದಾರೆ. ಬಹಳ ಕಾಲ ಇದು ಅರ್ಧ ನಿಜವಾಗಿತ್ತು: ಆಡುವ ಹುಡುಗನಿಗೆ ವಿದ್ಯಾರ್ಥಿವೇತನ, ಊಟ, ವಸತಿ ಬಿಟ್ಟು ಬೇರೇನೂ ಕೊಡಕೂಡದು ಎಂದು ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ಹಟ ಹಿಡಿದಿತ್ತು. ದುಡ್ಡೇ ಇರಲಿಲ್ಲವೆಂದಲ್ಲ. ಟಿವಿ ಹಣ, ಟಿಕೆಟ್ ಹಣ, ಕೋಚ್‌ನ ಸಂಬಳ ಎಲ್ಲ ಹರಿಯುತ್ತಿತ್ತು, ಆಟಗಾರನ ಕಡೆಗೆ ಮಾತ್ರ ಹರಿಯುತ್ತಿರಲಿಲ್ಲ. ಟೆಕ್ಸಸ್ ಎ ಆ್ಯಂಡ್ ಎಂ 2023ರ ನವೆಂಬರ್‌ನಲ್ಲಿ ಕೋಚ್ ಜಿಂಬೊ ಫಿಷರ್‌ನನ್ನು ಕೆಲಸದಿಂದ ತೆಗೆದಾಗ ಕರಾರಿನ ಪ್ರಕಾರ ಕೊಡಬೇಕಾಗಿ ಬಂದದ್ದು 7.5 ಕೋಟಿ ಡಾಲರ್‌ಗೂ ಹೆಚ್ಚು. ಕೆಲಸ ಮಾಡಿದ್ದಕ್ಕಲ್ಲ, ಇನ್ನು ಮಾಡದೆ ಇರುವುದಕ್ಕೆ!

ಕಟ್ಟೆ ಒಡೆದದ್ದು 2021ರಲ್ಲಿ. ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಆಲ್ಸ್‌ಟನ್ ಮೊಕದ್ದಮೆಯಲ್ಲಿ ಎನ್‌ಸಿಎಎ ವಿರುದ್ಧ ತೀರ್ಪಿತ್ತರು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖವನ್ನು ಜಾಹೀರಾತಿಗೆ ಮಾರಿ ಗಳಿಸಬಹುದಾಯಿತು. 2025ರ ಜೂನ್‌ನಲ್ಲಿ ಇನ್ನೊಂದು ಮೊಕದ್ದಮೆಯ ರಾಜಿಗೆ ನ್ಯಾಯಾಲಯ ಒಪ್ಪಿಗೆ ಕೊಟ್ಟ ಮೇಲೆ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಹಂಚಬಹುದು. ಮೊದಲ ವರ್ಷದ ಮಿತಿ ಎಲ್ಲ ಕ್ರೀಡೆಗಳಿಗೂ ಸೇರಿ ಒಂದೊಂದು ವಿಶ್ವವಿದ್ಯಾಲಯಕ್ಕೆ ಸುಮಾರು 2.05 ಕೋಟಿ ಡಾಲರ್. ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಹಾರುವುದೂ ಸಲೀಸಾಗಿದೆ. ವಿಚಿತ್ರವೆಂದರೆ, ಹಂಗಾಮು ಮುಗಿದೊಡನೆ ತಂಡ ಬದಲಿಸುವ ಸ್ವಾತಂತ್ರ್ಯ ಈಗ ಎನ್‌ಎಫ್‌ಎಲ್‌ನವರಿಗಿಂತ ಕಾಲೇಜು ಹುಡುಗರಿಗೇ ಹೆಚ್ಚು. ಎನ್‌ಎಫ್‌ಎಲ್‌ನಲ್ಲಿ ಡ್ರಾಫ್ಟ್ ಆದವನು ಕರಾರು ಮುಗಿಯುವವರೆಗೆ ಆರಿಸಿದ ತಂಡಕ್ಕೇ ಅಂಟಿಕೊಂಡಿರಬೇಕು. ಹೈಸ್ಕೂಲು ಮುಗಿದು ಮೂರು ವರ್ಷವಾಗದೆ ಅಲ್ಲಿಗೆ ಕಾಲಿಡುವಂತೆಯೂ ಇಲ್ಲ.

ಮಕ್ಕಳ ಫೀ ಕಟ್ಟುವ ತಂದೆತಾಯಿಗಳು ಈ ದುಡ್ಡಿನ ಬಗೆಗಿನ ಇನ್ನೊಂದು ಕಲ್ಪನೆಯನ್ನೂ ಬಿಡಬೇಕು. ಫುಟ್‌ಬಾಲ್ ಹಣದಿಂದ ಗ್ರಂಥಾಲಯ, ಪ್ರಯೋಗಾಲಯ ನಡೆಯುತ್ತದೆ ಎನ್ನುವುದು ನಿಜವಲ್ಲ. ಕ್ರೀಡಾ ವಿಭಾಗ ತನ್ನ ಖರ್ಚು ತಾನೇ ತೂಗಿಸುವ ವಿಶ್ವವಿದ್ಯಾಲಯಗಳು ಕೆಲವೇ. ಫುಟ್‌ಬಾಲ್ ಲಾಭ ಬಂದರೆ ಅದು ಈಜು, ಜಿಮ್ನಾಸ್ಟಿಕ್ಸ್‌ನಂಥ ಆಟಗಳನ್ನು ಸಾಕುತ್ತದೆ. ಹಲವೆಡೆ ವಿದ್ಯಾರ್ಥಿಗಳ ಫೀ ಪಟ್ಟಿಯಲ್ಲೇ ಕ್ರೀಡಾ ಶುಲ್ಕವೂ ಸೇರಿರುತ್ತದೆ.

“ಎಲ್ಲ ಗೆದ್ದವನೇ ಚಾಂಪಿಯನ್”

ಎನ್‌ಎಫ್‌ಎಲ್‌ನಲ್ಲಿ 32 ತಂಡ, 17 ಪಂದ್ಯ. ಗೆಲುವು ಸೋಲಿನ ಪಟ್ಟಿ ನೋಡಿ 14 ತಂಡ ನಾಕೌಟ್‌ಗೆ. ಕಾಲೇಜಿನ ಅಗ್ರ ವಿಭಾಗದಲ್ಲಿ 130ಕ್ಕೂ ಹೆಚ್ಚು ತಂಡ, ಎಲ್ಲರೂ ಎಲ್ಲರೊಡನೆ ಆಡಲು ಸಾಧ್ಯವೇ ಇಲ್ಲ. ಹಾಗಾಗಿ ನಾಕೌಟ್‌ಗೆ ಹೋಗುವ ತಂಡಗಳನ್ನು ಒಂದು ಸಮಿತಿ ಕೂತು ಆರಿಸುತ್ತದೆ. 2023ರಲ್ಲಿ ಫ್ಲಾರಿಡಾ ಸ್ಟೇಟ್ ಹದಿಮೂರಕ್ಕೆ ಹದಿಮೂರೂ ಗೆದ್ದು ತನ್ನ ಗುಂಪಿನ, ಅಂದರೆ ಕಾನ್ಫರೆನ್ಸಿನ, ಪ್ರಶಸ್ತಿಯನ್ನೂ ಪಡೆಯಿತು. ಆದರೆ ಅದರ ಕ್ವಾರ್ಟರ್‌ಬ್ಯಾಕ್ ಗಾಯಗೊಂಡಿದ್ದ. ಸಮಿತಿ ಅದನ್ನು ಆಗಿನ ನಾಲ್ಕು ತಂಡಗಳ ಪಟ್ಟಿಯಿಂದ ಹೊರಗಿಟ್ಟಿತು. ಮರುವರ್ಷದಿಂದ ಪಟ್ಟಿ ಹನ್ನೆರಡಕ್ಕೆ ಬೆಳೆಯಿತು, ಆರಿಸುವ ಜಗಳ ತೀರಲಿಲ್ಲ. ಕಾಲೇಜು ಅಭಿಮಾನಿಗಳಿಗೆ ಆ ಜಗಳವೂ ಅರ್ಧ ಮಜಾ ಎಂಬುದು ನನ್ನ ಗುಮಾನಿ.

ಗುಂಪುಗಳ ಹೆಸರನ್ನಂತೂ ನಂಬಲೇಬೇಡಿ. ಬಿಗ್ ಟೆನ್‌ನಲ್ಲಿ ಈಗ ಹದಿನೆಂಟು ತಂಡ. ಪೆಸಿಫಿಕ್ ದಡದ ಸ್ಟ್ಯಾನ್‌ಫರ್ಡ್ 2024ರಿಂದ ಅಟ್ಲಾಂಟಿಕ್ ಕೋಸ್ಟ್ ಗುಂಪಿನ ಸದಸ್ಯ. ಎಲ್ಲ ಟಿವಿ ಹಣದ ಮಹಿಮೆ.

ಭಾರತದಿಂದ ನೋಡುವವರಿಗೆ ಸಮಯದ ಲೆಕ್ಕ ಸುಲಭ. ಪೂರ್ವ ಕರಾವಳಿಯ ಶನಿವಾರ ಮಧ್ಯಾಹ್ನ ಹನ್ನೆರಡರ ಕಾಲೇಜು ಪಂದ್ಯ ನಮ್ಮಲ್ಲಿ ರಾತ್ರಿ ಒಂಬತ್ತೂವರೆಗೆ, ಭಾನುವಾರ ಒಂದು ಗಂಟೆಯ ಎನ್‌ಎಫ್‌ಎಲ್ ಪಂದ್ಯ ಹತ್ತೂವರೆಗೆ. ನವೆಂಬರ್ ಮೊದಲ ವಾರ ಅಲ್ಲಿ ಗಡಿಯಾರ ತಿರುಗಿಸಿದ ಮೇಲೆ ಎರಡೂ ಒಂದು ಗಂಟೆ ತಡ. ಸೂಪರ್ ಬೌಲ್ ನಮ್ಮ ಸೋಮವಾರ ಬೆಳಗಿನ ಐದು ಗಂಟೆಗೆ ಶುರುವಾಗುತ್ತದೆ.